ಎಲೆಬಳ್ಳಿಗೆ ಭತ್ತದ ಮದ್ದು

ಸವಣೂರು
೧೨ ನವೆಂಬರ್ ೧೯೭೮, ರವಿವಾರ

ಚಿ. ಸೌ. ಶಿವಬಸವ್ವಾ,

ನಿನ್ನ ಅತ್ತೆ ಫಕ್ಕೀರವ್ವನ ಆಶೀರ್ವಾದಗಳು. ಮನಸ್ಸಿದ್ದರೆ ಈಗಲೇ ತೆಗೆದುಕೋ, ಇಲ್ಲದಿದ್ದರೆ ಕಾಗದ ಓದಿ ಮುಗಿಸಿದ ಮೇಲೆ ತೆಗೆದುಕೋ. ಕೊಟ್ಟದ್ದನ್ನು ತಿರುಗಿ ಕೇಳುವವಳು ನಾನಲ್ಲ. ನಿನ್ನ ಮೈ ಹೇಗಿದೆ? ನಮ್ಮ ಕೂಸು ಅಡಿವೆವ್ವನ ಕೆಮ್ಮು ನಿಂತಿತೇ? ತಿಳವಳ್ಳಿ ಕಡೆ ಈ ಸಲ ಮಳೆ ಬಹಳ ದಿನ ಹಿಡಿದಿತ್ತೆಂದು ಕೇಳಿದೆ. ಕೂಸಿನ ಎದೆಗೆ, ಅಂಗಾಲಿಗೆ ಬೆಚ್ಚಗಿನ ಎಣ್ಣೆ ತಿಕ್ಕು. ಮೂರು ವರ್ಷದ ಹುಡುಗಿ ಅಜ್ಜಿಯ ಮುಖ ಮರೆಯುವುದಕ್ಕೆ ಎಷ್ಟು ದಿನ ಬೇಕು ಎಂದು ತೋಟದ ಕೆಲಸದ ಇಮಾಮಬಿಯನ್ನು ಕೇಳಿದೆ. ಎಲೆ ಕಟ್ಟುವ ಕೈ ನಿಲ್ಲಿಸದೆ ಅವಳು, "ಮುಖ ಮರೀಬಹುದ್ರೀ, ಬೈಗಳ ಮರಿಯಾಂಗಿಲ್ಲ" ಎಂದಳು. ಅವಳ ಬಾಯಿ ನಿನಗೆ ಗೊತ್ತೇ ಇದೆ. ನಿನ್ನ ತಂದೆಯವರ ಭತ್ತ ತೆನೆ ಬಗ್ಗಿರಬೇಕು. ನಿನ್ನ ತಾಯಿ ಸರೋಜವ್ವನವರಿಗೆ ನಾನು ಕೇಳಿದೆನೆಂದು ಹೇಳು. ಇಲ್ಲಿ ನಾವೆಲ್ಲ ಆರಾಮ. ಆರಾಮ ಎಂದು ಬರೆದೇನೋ ಬರೆದೆ, ಅದರಲ್ಲಿ ಅರ್ಧ ಸುಳ್ಳು. ನಿನ್ನ ಗಂಡ ಪರಮೇಶ ರೊಟ್ಟಿಯ ಬುಟ್ಟಿ ಖಾಲಿಯಾಗುವವರೆಗೆ ಏಳುತ್ತಿರಲಿಲ್ಲವಲ್ಲ, ಈಗ ಎರಡು ರೊಟ್ಟಿಗೆ ಕೈ ತೊಳೆಯುತ್ತಾನೆ. ನನ್ನ ಸಂಗಡ ತೋಟದ ಮಾತು ಬಿಟ್ಟು ಬೇರೆ ಮಾತಿಲ್ಲ. ಅವನು ನನ್ನ ಮೇಲೆ ಒಂದು ಸಲವಾದರೂ ಸಿಟ್ಟು ಮಾಡಿದ್ದರೆ ನನಗೆ ಹಗುರಾಗುತ್ತಿತ್ತು.

ನೀನು ಪಂಚಮಿಗೆಂದು ತವರಿಗೆ ಹೋದವಳು. ಪಂಚಮಿಗೆ ಹೋದವರು ಉಂಡಿ ತಿಂದು, ಜೋಕಾಲಿ ಜೀಕಿ, ಹದಿನೈದು ದಿನಕ್ಕೆ ತಿರುಗಿ ಬರುತ್ತಾರೆ. ನೀನು ಹೋಗಿ ಮೂರು ತಿಂಗಳಾಯಿತು, ದೀಪಾವಳಿಯೂ ಹೋಯಿತು. ಓಣಿಯವರು ಕೇಳಿದಾಗಲೆಲ್ಲ, ತಾಯಿಗೆ ಮೈಯಲ್ಲಿ ನೆಟ್ಟಗಿಲ್ಲ ಅದಕ್ಕೇ ನಿಂತಿದ್ದಾಳೆ ಎಂದು ಹೇಳುತ್ತ ಬಂದೆ. ಪಾಪ, ಗಟ್ಟಿಮುಟ್ಟಾದ ಬೀಗತಿಯನ್ನು ಮೂರು ತಿಂಗಳಿಂದ ಹಾಸಿಗೆ ಹಿಡಿಸಿಬಿಟ್ಟಿದ್ದೇನೆ, ಅವರಿಗೆ ಗೊತ್ತಾದರೆ ನನ್ನನ್ನು ಸುಮ್ಮನೆ ಬಿಡುವುದಿಲ್ಲ. ನೀನು ಯಾಕೆ ಬರುತ್ತಿಲ್ಲವೆಂದು ನಿನಗೂ ಗೊತ್ತು, ನನಗೂ ಗೊತ್ತು. ತೋಟ ಕೊಳೆತದ್ದು ನೀನು ಕಾಲಿಟ್ಟದ್ದರಿಂದ ಎಂದು ನಾಲ್ಕು ಮಂದಿಯ ಮುಂದೆ ಅಂದವಳು ನಾನೇ. ಆ ಮಾತನ್ನು ನಾನೇ ಎತ್ತಿ ತೆಗೆಯುವವರೆಗೆ ನೀನು ಈ ಹೊಸಲು ದಾಟುವುದಿಲ್ಲ. ನಿನ್ನ ಜಾಗದಲ್ಲಿ ನಾನಿದ್ದರೂ ದಾಟುತ್ತಿರಲಿಲ್ಲ. ಅದಕ್ಕೇ ಈ ಕಾಗದ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದ ಕೈ ಇದು, ಯಾರಿಂದಲೂ ಬರೆಸಿಲ್ಲ. ಅಕ್ಷರ ನನ್ನವೇ, ತಪ್ಪೂ ನನ್ನದೇ.

ಮೊದಲಿನಿಂದ ಹೇಳುತ್ತೇನೆ, ನಡುವೆ ಸಿಟ್ಟಾಗಿ ಕಾಗದ ಹರಿಯಬೇಡ. ಲಿಂಗ ಕಟ್ಟಿದ ಮೈಗೆ ಮೈಲಿಗೆ ಇಲ್ಲವೆಂದು ನಡೆದುಬಂದ ಮನೆತನ ನಮ್ಮದು. ಆ ದಿನಗಳಲ್ಲೂ ನೀನು ಅಡುಗೆ ಮಾಡಿದೆ, ಪೂಜೆ ಮಾಡಿದೆ; ನಾನೂ ಹಾಗೆಯೇ ಮಾಡಿದವಳು. ವೀಳ್ಯದ ಎಲೆತೋಟಕ್ಕೆ ಮಾತ್ರ ಬೇರೆಯೇ ಕಾನೂನು. ಚಪ್ಪಲಿ ಮೆಟ್ಟಿ ಒಳಗೆ ಹೋಗಬಾರದು, ಮುಟ್ಟಾದ ಹೆಂಗಸು ಅದರ ಬೇಲಿಯನ್ನೂ ದಾಟಬಾರದು, ದಾಟಿದರೆ ಬಳ್ಳಿ ಕೊಳೆಯುತ್ತದೆ ಎಂದು ನನಗೆ ನನ್ನ ಅತ್ತೆ ಹೇಳಿದ್ದರು, ಅವರಿಗೆ ಅವರ ಅತ್ತೆ. ಭತ್ತದ ಸೀಮೆಯಿಂದ ಬಂದ ನೀನು ಮದುವೆಯಾದ ಹೊಸದರಲ್ಲೇ, "ದೇವರ ಮನಿಗೆ ಹೋಗಬಹುದು, ತ್ವಾಟಕ್ಕ ಹೋಗಬಾರದೇನ್ರಿ?" ಎಂದು ಕೇಳಿ ನನ್ನಿಂದ ಬೈಸಿಕೊಂಡಿದ್ದೆ. ನಿಜ ಹೇಳಬೇಕೆಂದರೆ ಆವತ್ತು ನನಗೆ ಉತ್ತರ ಹೊಳೆದಿರಲಿಲ್ಲ. ಉತ್ತರ ಹೊಳೆಯದಾಗ ಅತ್ತೆಯಂದಿರು ಬೈಯುತ್ತಾರೆ, ನಾಳೆ ನೀನೂ ಬೈಯುತ್ತೀ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ.

ಆಷಾಢದಲ್ಲಿ ಆ ದಿನ ಪರಮೇಶ ಹತ್ತಿಮತ್ತೂರಿಗೆ ಎತ್ತು ನೋಡಲು ಹೋಗಿದ್ದ. ನಾನು ಮಠಕ್ಕೆ ಹೋಗಿದ್ದೆ. ದೊಡ್ಡ ಮಳೆ ಹೊಡೆದು ಕಾಲುವೆಯ ಬದು ಒಡೆಯಿತು, ಬಳ್ಳಿಯ ಬುಡದಲ್ಲಿ ನೀರು ನಿಂತಿತು. ನೀನು ಸಲಿಕೆ ಹಿಡಿದು ಒಳಗೆ ಹೋಗಿ, ಕೆಳಗಿನ ಬದು ಕಡಿದು ನೀರನ್ನು ಹೊರಗೆ ಬಿಟ್ಟೆ. ಎಂಟು ದಿನಕ್ಕೆ ಎಲೆಯ ಮೇಲೆ ಬಿಸಿನೀರು ಬಿದ್ದಂಥ ಕಲೆಗಳು, ಆಮೇಲೆ ಬುಡ ಕಪ್ಪಾಗಿ ಬಳ್ಳಿ ಜೋತುಬಿದ್ದವು. ಹದಿನೆಂಟು ಸಾಲಿನಲ್ಲಿ ಮೂರು ಸಾಲು ಕಣ್ಣೆದುರೇ ಹೋದವು. ಆ ದಿನ ನೀನು ಹೊರಗಾಗಿದ್ದೆಯಾ ಎಂದು ನಾನು ಎಲೆ ಕೊಯ್ಯುವವರ ಮುಂದೆಯೇ ಕೇಳಿದೆ. ಇಲ್ಲ ಎಂದಿದ್ದರೆ ನಿನ್ನ ಬಾಯಿಗೆ ಯಾರು ಅಡ್ಡ ಬರುತ್ತಿದ್ದರು? ನೀನು ಹೌದು ಎಂದೆ. ನಾನು ಅನ್ನಬಾರದ್ದನ್ನೆಲ್ಲ ಅಂದೆ. ಅಷ್ಟಕ್ಕೂ ನೀನು ಎದುರಾಡಲಿಲ್ಲ, "ಹೆಜ್ಜಿ ನೋಡಬ್ಯಾಡ್ರಿ ಅತ್ತಿ, ನೀರ ನೋಡ್ರಿ" ಎಂದೆ, ಅಷ್ಟೇ. ಹದಿನೈದು ದಿನ ಮನೆಯ ಕೆಲಸವನ್ನೆಲ್ಲ ಮಾಡಿ, ಪಂಚಮಿಯ ಹಿಂದಿನ ದಿನ ಗಂಟು ಕಟ್ಟಿದೆ.

ನೀನು ಹೋದ ಮೇಲೆ ಕೊಳೆ ಎರಡು ಪಟ್ಟು ಜೋರಾಯಿತು. ಇನ್ನೂ ಎರಡು ಸಾಲು ನೆಲ ಕಚ್ಚಿದವು. ನೀನೇ ಕಾರಣವಾಗಿದ್ದರೆ ನೀನು ಊರು ಬಿಟ್ಟ ಮೇಲಾದರೂ ಅದು ನಿಲ್ಲಬೇಕಿತ್ತಲ್ಲ! ಈ ಮಾತು ನನ್ನ ತಲೆಗೆ ಹೊಕ್ಕಿತು, ಆದರೆ ಬಾಯಿಗೆ ಬರಲಿಲ್ಲ. ಪರಮೇಶ ಗ್ರಾಮಸೇವಕರನ್ನು ಕರೆತಂದ. ಅವರು ಮೈಲುತುತ್ತ, ಸುಣ್ಣ ಕಲಸಿ ಹೊಡೆಯಿರಿ ಎಂದರು. ಅದೇನು ಕೆಟ್ಟ ಮದ್ದಲ್ಲ, ಅಡಿಕೆಯವರು ಹೊಡೆದು ಬದುಕಿದ್ದಾರೆ. ಆದರೆ ಅಡಿಕೆಗೆ ಸಿಪ್ಪೆಯಿದೆ, ಎಲೆಗೆ ಏನಿದೆ? ಒಂದು ಸಾಲಿಗೆ ಹೊಡೆದು ನೋಡಿದೆವು. ಎಲೆಯ ಮೈಮೇಲೆಲ್ಲ ನೀಲಿ ಬಿಳಿ ಚುಕ್ಕೆ ಕುಳಿತವು. ನಮ್ಮ ಎಲೆ ಒಯ್ಯುವ ಗೌಸಸಾಬರು ಒಂದು ಎಲೆ ಎತ್ತಿ ಬೆಳಕಿಗೆ ಹಿಡಿದು, "ಬಾಯಾಗ ಹಾಕೂ ಎಲಿರೀ ಇದು, ಗ್ವಾಡಿಗೆ ಸುಣ್ಣಾ ಬಳದಂಗ ಬಳದೀರಲ್ಲ" ಎಂದು ಬುಟ್ಟಿ ಕೆಳಗಿಟ್ಟು ಹೋದರು. ತೊಳೆದರೆ ಹೋಗುತ್ತದೆ ಎಂದರು ಗ್ರಾಮಸೇವಕರು. ಸಾವಿರ ಎಲೆಯನ್ನು ಒಂದೊಂದಾಗಿ ತೊಳೆಯಲು ಅವರ ಮನೆಯವರು ಬರುತ್ತಾರೆಯೇ ಎಂದು ಕೇಳಬೇಕೆನಿಸಿತು. ಒಳ್ಳೆಯ ಮನುಷ್ಯ, ಅದಕ್ಕೆ ಬಿಟ್ಟೆ.

ಆವತ್ತು ಮಧ್ಯಾಹ್ನ ಒಬ್ಬಳೇ ತೋಟದೊಳಗೆ ಹೋಗಿ ನೀನು ನಡೆದ ದಾರಿಯನ್ನು ನಡೆದು ನೋಡಿದೆ. ಮೂಡಣ ಬದುವಿನ ಮೇಲೆ ಹಾಯ್ದು, ನಾಲ್ಕನೆಯ ಸಾಲಿನ ಗುಂಟ ಬಂದು ಬದು ಕಡಿದಿದ್ದೆಯಲ್ಲ, ಆ ಸಾಲಿನಲ್ಲಿ ಒಂದು ಬಳ್ಳಿಗೂ ಏನೂ ಆಗಿರಲಿಲ್ಲ. ಆಸರೆಯ ಚೊಗಚಿ ಗಿಡಗಳನ್ನು ತಬ್ಬಿಕೊಂಡು ಮೇಲಕ್ಕೇರಿದ್ದವು. ಕೊಳೆ ಎಲ್ಲಿಂದ ಎಲ್ಲಿಗೆ ಹೋಗಿದೆಯೆಂದು ಹಿಡಿದು ನಡೆದರೆ, ಅದು ಪಡುವಣ ಕಾಲುವೆಯ ಗುಂಟ, ನೀರು ಇಳಿದ ಕಡೆಗೇ ಇಳಿದಿತ್ತು. ಕಾಲುವೆಯ ಬಾಯಿಗೆ ಹೋಗಿ ನಿಂತೆ. ಅಲ್ಲಿ ಏನಿತ್ತು ಹೇಳು? ಕಟ್ಟು ಕಟ್ಟಲು ಬಾರದ ಹರಕು ಎಲೆ, ಕಲೆ ಎಲೆ, ಒಣಗಿದ ಬಳ್ಳಿಯ ತುಂಡು, ಎಲ್ಲ ಗುಡ್ಡೆಯಾಗಿ ಕೊಳೆಯುತ್ತಿತ್ತು. ಗೊಬ್ಬರವಾಗಿ ನೀರಿನ ಸಂಗಡ ಇಳಿದು ಹೋಗಲಿ ಎಂದು ಅಲ್ಲಿ ಸುರಿಯುತ್ತಿದ್ದವಳು ನಾನು. ಮೂವತ್ತು ವರ್ಷದಿಂದ ಸುರಿದಿದ್ದೇನೆ, ಈ ಸಲ ನಿಂತ ನೀರು ಅದರ ಕೊಳೆಯನ್ನು ಬುಡಕ್ಕೆ ಮುಟ್ಟಿಸಿತು. ನನ್ನ ಕೈಯಿಂದಲೇ ತೋಟಕ್ಕೆ ರೋಗ ಉಣಿಸಿ, ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ ನಿನ್ನ ಕಾಲಿನ ಮೇಲೆ ಹಾಕಿದೆ. ಗುಡ್ಡೆಯನ್ನು ಅದೇ ದಿನ ಹೊರಗೆ ಒಯ್ದು ಸುಟ್ಟೆವು, ಸತ್ತ ಬಳ್ಳಿಗಳನ್ನೂ ಕಿತ್ತು ಸುಟ್ಟೆವು. ಪರಮೇಶ ಕೊಳೆತ ಕಡೆಗೆ ನೀರು ಹೋಗದಂತೆ ಬೇರೆ ಕಾಲುವೆ ತೆಗೆದ.

ಇನ್ನು ಮದ್ದು. ನಿನ್ನ ತಂದೆಯವರು ಭತ್ತಕ್ಕೆ ಬೆಂಕಿ ರೋಗ ಬಂದಾಗ ಲಕ್ಕಿ ಸೊಪ್ಪು, ಬೇವಿನ ಸೊಪ್ಪು, ಬೆಳ್ಳುಳ್ಳಿ ಜಜ್ಜಿ ಗೋಮೂತ್ರದಲ್ಲಿ ನೆನೆಹಾಕಿ ಸಿಂಪಡಿಸುತ್ತಾರೆಂದು ನೀನು ಮೊದಲ ಕಲೆ ಕಂಡ ದಿನವೇ ಹೇಳಿದ್ದೆ. ಭತ್ತದ ಮದ್ದು ಭತ್ತಕ್ಕಿರಲಿ ಎಂದು ನಿನ್ನ ಬಾಯಿ ಮುಚ್ಚಿಸಿದ್ದೆ. ನಮ್ಮ ಬೇಲಿಯೇ ಲಕ್ಕಿ ಬೇಲಿ, ಬಾಗಿಲಲ್ಲೇ ಬೇವಿನ ಗಿಡ. ಹಿತ್ತಲ ಗಿಡ ಮದ್ದಲ್ಲ ಎಂಬುದನ್ನು ನನ್ನನ್ನು ನೋಡಿಯೇ ಹೇಳಿರಬೇಕು. ಅಳತೆ ಕೇಳಿ ನಿನಗೆ ಬರೆಯಬಹುದಿತ್ತು, ಜಂಬ ಬಿಡಲಿಲ್ಲ. ಅಂದಾಜಿನ ಮೇಲೆ ಕಲಸಿದೆ. ಮೊದಲ ಕೊಡ ಖಾರವಾಗಿ ಕುಡಿಗಳ ತುದಿ ಸುಟ್ಟಿತು. ಎರಡನೆಯದು ಮೂರು ದಿನ ನೆನೆಸಿ, ಸೋಸಿ, ಒಂದಕ್ಕೆ ಹತ್ತು ನೀರು ಬೆರೆಸಿ, ಎಲೆಗೆ ಅಂಟಿಕೊಳ್ಳಲೆಂದು ಅಂಟವಾಳ ಕಾಯಿಯ ನೊರೆ ಹಾಕಿ ಹೊಡೆದೆ. ಬೆಳ್ಳುಳ್ಳಿ ಜಜ್ಜಿ ಜಜ್ಜಿ ಇಮಾಮಬಿಯ ಕೈ ಉರಿಯಿತು. "ಇಷ್ಟು ಬಳ್ಳುಳ್ಳಿ ಜಜ್ಜಿಸಾಕತ್ತೀರಿ, ಬಿರ್ಯಾನಿ ಯಾವಾಗ್ರಿ ಅವ್ವಾರ?" ಎಂದಳು. ನಮ್ಮ ಮನೆಯಲ್ಲಿ ನಿಂತು ಕೇಳುವ ಮಾತೇ ಅದು! ಎರಡು ಸಾಲಿಗೆ ಬೇಕೆಂದೇ ಮದ್ದು ಹಾಕಲಿಲ್ಲ. ಮದ್ದಿನಿಂದ ನಿಂತಿತೋ, ಮಳೆ ಬಿಟ್ಟಿದ್ದರಿಂದ ನಿಂತಿತೋ ತಿಳಿಯಬೇಕಲ್ಲ. ಒಂದು ಸಲ ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಹೇಳಿ ಮನೆ ಹಾಳು ಮಾಡಿಕೊಂಡವಳು ಎರಡನೆಯ ಸಲ ಹುಷಾರಾಗಿರುತ್ತಾಳೆ.

ನಡುವೆ ಒಂದು ಫಜೀತಿ ಆಯಿತು, ಅದನ್ನು ಹೇಳದೆ ಬಿಟ್ಟರೆ ಗೌಸಸಾಬರು ಹೇಗೂ ನಿನಗೆ ಹೇಳಿಯೇ ಹೇಳುತ್ತಾರೆ. ಶಿಗ್ಗಾಂವಿಯ ಒಂದು ಮನೆಯ ನಿಶ್ಚಯಕ್ಕೆ ಒಳ್ಳೆಯ ಎಲೆ ಬೇಕೆಂದು ಅವರು ಹೇಳಿಹೋಗಿದ್ದರು. ನಾನು ಮಹಾ ಜಾಣೆ, ಕೊಯ್ಯುವ ಎರಡು ದಿನ ಮೊದಲು ಎಲೆ ಚೆನ್ನಾಗಿರಲೆಂದು ಕೊಯ್ಯಬೇಕಾದ ಸಾಲಿಗೆ ಮದ್ದು ಹೊಡೆದೆ. ಎಲೆ ನೋಡುವುದಕ್ಕೆ ಕನ್ನಡಿಯಂತಿತ್ತು. ಶಿಗ್ಗಾಂವಿಯಲ್ಲಿ ಮಾತುಕತೆ ಮುಗಿದು, ಎಲೆ ಅಡಿಕೆ ಬದಲಾಗಿ, ಎರಡೂ ಕಡೆಯ ಹಿರಿಯರು ಬಾಯಿಗೆ ಹಾಕಿಕೊಂಡು ಒಬ್ಬರ ಮುಖ ಒಬ್ಬರು ನೋಡಿದರಂತೆ. ಗಂಡಿನ ಕಡೆಯವರು ಹೆಣ್ಣಿನ ಮನೆಯವರ ಕೈಯೇ ಬೆಳ್ಳುಳ್ಳಿ ನಾರುತ್ತದೆ ಎಂದರಂತೆ, ಹೆಣ್ಣಿನ ಕಡೆಯವರು ತಟ್ಟೆ ತಂದವರು ಯಾರು ಎಂದರಂತೆ. ನಿಶ್ಚಯ ಮುರಿಯದಿದ್ದದ್ದು ನನ್ನ ಪುಣ್ಯ. ಮರುದಿನ ಗೌಸಸಾಬರು ಉಳಿದ ಕಟ್ಟನ್ನು ತಂದು ನನ್ನ ಮುಂದಿಟ್ಟು, "ಎಲಿ ಕಳಿಸಿದ್ರೋ, ವಗ್ಗರಣಿ ಕಳಿಸಿದ್ರೋ, ಅದನ್ನಷ್ಟ ಹೇಳ್ರಿ" ಎಂದರು. ಎರಡು ದಿನ ನಾನು ಅವರಿಗೆ ಮುಖ ತೋರಿಸಲಿಲ್ಲ. ನೀನು ಇದ್ದಿದ್ದರೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅಡುಗೆ ಮನೆಗೆ ಓಡುತ್ತಿದ್ದೆ. ಅದು ನೆನಪಾಗಿ ನನಗೂ ನಗು ಬಂತು, ನಕ್ಕ ಮೇಲೆ ಅಳು ಬಂತು. ಮನೆಯಲ್ಲಿ ಯಾರೂ ಇರಲಿಲ್ಲ, ಅತ್ತುಬಿಟ್ಟೆ.

ತಪ್ಪು ಎಲ್ಲಿದೆ ಎಂಬುದು ಆಗ ಗೊತ್ತಾಯಿತು. ಭತ್ತಕ್ಕೆ ಹೊಟ್ಟಿದೆ, ಬೇಯಿಸಿ ಉಣ್ಣುತ್ತೇವೆ. ಎಲೆ ಬಳ್ಳಿಯಿಂದ ಬುಟ್ಟಿಗೆ, ಬುಟ್ಟಿಯಿಂದ ಬಾಯಿಗೆ. ಹಾಗಾಗಿ ಬೆಳ್ಳುಳ್ಳಿಯ ನೀರನ್ನು ಈಗ ಬುಡಕ್ಕೆ ಮಾತ್ರ ಹಾಕುತ್ತೇನೆ, ಅದರ ಮೇಲೆ ಒಂದು ಹಿಡಿ ಬೇವಿನ ಹಿಂಡಿ. ಎಲೆಯ ಮೇಲೆ ಲಕ್ಕಿ, ಬೇವಿನ ರಸ ಅಷ್ಟೇ. ಅದೂ ಕೊಯ್ದ ದಿನವೇ. ಮುಂದಿನ ಕೊಯ್ಲಿಗೆ ಹದಿನೈದು ಇಪ್ಪತ್ತು ದಿನ ಇರುತ್ತದಲ್ಲ, ಅಷ್ಟರಲ್ಲಿ ಕಹಿ, ವಾಸನೆ ಎರಡೂ ಹೋಗುತ್ತವೆ. ಕಟ್ಟು ಕಟ್ಟುವ ಮೊದಲು ಸಾಲಿಗೊಂದು ಎಲೆ ತೊಳೆದು ನಾನೇ ಅಗಿದು ನೋಡುತ್ತೇನೆ. ಈ ವಯಸ್ಸಿನಲ್ಲಿ ನನ್ನ ಬಾಯಿ ನವಾಬರ ಮನೆಯವರ ಬಾಯಿಯಂತೆ ಕೆಂಪಾಗಿದೆ. ಸತ್ತ ಬಳ್ಳಿ ಎದ್ದು ಕುಳಿತಿತು ಎಂದು ನಾನು ಹೇಳುವುದಿಲ್ಲ, ಐದು ಸಾಲು ಹೋದದ್ದು ಹೋದದ್ದೇ. ಮದ್ದು ಹಾಕದೆ ಬಿಟ್ಟ ಎರಡರಲ್ಲಿ ಒಂದು ಪೂರ್ತಿ ಸೊರಗಿತು, ಇನ್ನೊಂದು ಅರ್ಧ. ಮದ್ದು ಕುಡಿದ ಹನ್ನೊಂದು ಸಾಲಿನಲ್ಲಿ ಒಂದೇ ಒಂದು ಬುಡವೂ ಕಪ್ಪಾಗಿಲ್ಲ. ಹೊಸ ಕುಡಿಗಳು ಗೇಣುದ್ದ ಬಂದಿವೆ. ಮುಂದಿನ ಮಳೆಗಾಲಕ್ಕೆ ಕಲೆ ಕಾಣುವ ಮೊದಲೇ ಶುರು ಮಾಡುತ್ತೇನೆ. ಈ ತೋಟ ಉಳಿಯುತ್ತದೆ ಶಿವಬಸವ್ವಾ, ಬರೆದಿಟ್ಟುಕೋ.

ಮೊನ್ನೆ ಗ್ರಾಮಸೇವಕರು ಬಂದು ಸಾಲು ಸಾಲು ತಿರುಗಿ ನೋಡಿದರು. ಹಾಕದ ಸಾಲನ್ನೂ ನೋಡಿದರು. ಜೇಬಿನಿಂದ ವಹಿ ತೆಗೆದು ಸೊಪ್ಪಿನ ಹೆಸರು, ಅಳತೆ, ದಿನ ಎಲ್ಲ ಬರೆದುಕೊಂಡರು. ಇದು ಯಾರ ಮದ್ದು ಎಂದು ಕೇಳಿದರು. ಪರಮೇಶ ನನ್ನ ಮುಖ ನೋಡಿದ. ನನ್ನ ಸೊಸೆಯದು, ತಿಳವಳ್ಳಿಯ ಶಿವಬಸವ್ವ ಎಂದು ಬರೆಯಿರಿ ಎಂದೆ. ಬರೆದರು. ಬರೆದು, "ಅವರನ್ನ ಸ್ವಲ್ಪ ಕರೀರಿ, ಎರಡು ಮಾತು ಕೇಳಬೇಕು" ಎಂದರು.  ತಾಯಿಗೆ ಮೈಯಲ್ಲಿ ನೆಟ್ಟಗಿಲ್ಲ ಎಂಬ ಮಾತು ಮಗನ ಮುಂದೆ ಬಾಯಿಗೆ ಬರಲಿಲ್ಲ. ಅವರು ಹೋದ ಮೇಲೆ ಪರಮೇಶ ಮದ್ದು ಹೊಡೆಯುವ ಕೈಪಂಪು ತೊಳೆಯುತ್ತ, "ನಾ ಕರದ್ರ ಬರಾಂಗಿಲ್ಲಬೇ ಅಕಿ. ಅಂದಾಕಿ ನೀನು, ಕರಿಯಾಕೀನೂ ನೀನ ಆಗಬೇಕು" ಎಂದ. ಮೂರು ತಿಂಗಳಲ್ಲಿ ಅವನು ನನ್ನ ಸಂಗಡ ಆಡಿದ ಮನೆಯ ಮಾತು ಇದೊಂದೇ. ಅದಕ್ಕೇ ಕರೆಯುತ್ತಿದ್ದೇನೆ. ತೋಟ ಕೊಳೆತದ್ದು ನಿನ್ನಿಂದಲ್ಲ, ನನ್ನಿಂದ. ನೀನು ಹೇಳಿದ ಮದ್ದಿನಿಂದ ಅದು ಉಳಿಯಿತು. ಬಾ.

ಗೌಸಸಾಬರು ಹಾನಗಲ್ಲಿಗೆ ಹೊರಟಿದ್ದಾರೆ, ತಿಳವಳ್ಳಿಗೂ ಬಂದು ಕಾಗದವನ್ನು ನಿನ್ನ ಕೈಗೇ ಕೊಡುತ್ತೇನೆಂದಿದ್ದಾರೆ. ಜೊತೆಗೆ ಒಂದು ಕಟ್ಟು ಎಲೆ ಕಳಿಸಿದ್ದೇನೆ. ಮೂಸಿ ನೋಡಿ ಆಮೇಲೆ ಬೀಗರಿಗೆ ಕೊಡು, ನನ್ನ ಮೇಲೆ ಅಷ್ಟು ಭರವಸೆ ಇಡಬೇಡ! ನಿನ್ನ ತಾಯಿ ತಂದೆಯವರಿಗೆ ನನ್ನ ಶರಣು. ಕೂಸಿಗೆ ಎರಡೂ ಕೆನ್ನೆಗೆ ಮುತ್ತು. ನಿನ್ನ ಉಡಿ ತುಂಬಿರಲಿ, ನಿನ್ನ ಮಾತು ಯಾವತ್ತೂ ಹೀಗೇ ನೆಟ್ಟಗಿರಲಿ.

ಇಂತಿ ನಿನ್ನ ದಾರಿ ನೋಡುವ ಅತ್ತೆ,
ಫಕ್ಕೀರವ್ವ

ತಾ.ಕ.: ಗೌಸಸಾಬರು ಬಾಗಿಲಲ್ಲಿ ನಿಂತು ಬಸ್ಸು ಹೋಗುತ್ತದೆ ಎಂದು ಅವಸರ ಮಾಡುತ್ತಿದ್ದಾರೆ. ಮೇಲೆ ಇಷ್ಟೆಲ್ಲ ಬರೆದರೂ ಬರೆಯಬೇಕಾದದ್ದನ್ನು ಬರೆದಿಲ್ಲ. ಪರಮೇಶ ನಿನ್ನ ಅಡಿವೆವ್ವನಷ್ಟು ಇದ್ದಾಗ ಬೇಸಿಗೆಯಲ್ಲಿ ನಿನ್ನ ಮಾವ ವಿಷಮಜ್ವರ ಬಂದು ಮಲಗಿಬಿಟ್ಟರು. ನಾಲ್ಕು ದಿನ ನೀರು ತಪ್ಪಿದರೆ ಬಳ್ಳಿ ಒಣಗುತ್ತಿತ್ತು. ಎತ್ತು ಹೂಡಿ ಬಾವಿಯಿಂದ ನೀರೆತ್ತಿ ನಾನೇ ತೋಟಕ್ಕೆ ಹಾಯಿಸಿದೆ. ಎರಡನೆಯ ದಿನಕ್ಕೆ ಮುಟ್ಟಾದೆ. ಯಾರಿಗೂ ಹೇಳಲಿಲ್ಲ, ನೀರು ನಿಲ್ಲಿಸಲೂ ಇಲ್ಲ. ಐದು ದಿನ ಸಾಲು ಸಾಲು ತಿರುಗಿದೆ, ಬಳ್ಳಿ ಮುಟ್ಟಿ ಕಟ್ಟಿದೆ. ಆ ವರ್ಷದಂಥ ಎಲೆ ಈ ತೋಟದಲ್ಲಿ ಹಿಂದೆಯೂ ಬಂದಿರಲಿಲ್ಲ, ಮುಂದೆಯೂ ಬರಲಿಲ್ಲ. ನಿನ್ನ ಮಾವ ಎದ್ದು ಬಂದು ನೋಡಿ, "ನಿನ್ನ ಕೈಗುಣ ದೊಡ್ಡದೈತಿ ಫಕ್ಕೀರಿ" ಎಂದರು. ನಾನು ಹ್ಞೂಂ ಎಂದೆ. ಅಂದಿನಿಂದ ಇಂದಿನವರೆಗೆ ಬಾಯಿ ಬಿಟ್ಟಿರಲಿಲ್ಲ. ಇಷ್ಟು ಗೊತ್ತಿದ್ದೂ ನಿನ್ನನ್ನು ಅಂದೆ. ನನ್ನ ಹಳೆಯ ಪಾಪ ಈಗ ಫಲಿಸಿತೆಂದು ಹೆದರಿ, ಅದನ್ನು ನಿನ್ನ ತಲೆಗೆ ಕಟ್ಟಿದೆ. ನಿನ್ನೆ ಪರಮೇಶನಿಗೆ ಹೇಳಿದೆ. ಆವತ್ತು ತೋಟದಲ್ಲಿ ನಿಂತು ಕೇಳಿದ ಒಬ್ಬೊಬ್ಬರಿಗೂ ನಿನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಹೇಳುತ್ತೇನೆ. ಬರುವ ದಿನವನ್ನು ಎಣಿಸಿ ಆರಿಸಬೇಡ. ಯಾವ ದಿನವೇ ಆಗಿರಲಿ, ನಾನು ಕೇಳುವುದಿಲ್ಲ. ಮನೆಗೆ ಆಮೇಲೆ ಬರುವಿಯಂತೆ, ಮೊದಲು ತೋಟದೊಳಗೆ ಬಾ.